ಇಪ್ಪತ್ನಾಲ್ಕು ವೋಲ್ಟು

ತಾಳಗುಪ್ಪದಲ್ಲಿ ಹಳಿ ಮುಗಿಯುತ್ತದೆ.
ಮುಗಿದಲ್ಲಿ ಒಂದು ಮಣ್ಣಿನ ದಿಬ್ಬ,
ದಿಬ್ಬದ ಮೇಲೆ ಯಾರದೋ ಎಮ್ಮೆ.
ಪಕ್ಕಕ್ಕೆ ತಗಡಿನ ಶೆಡ್ಡು, ಒಳಗೆ
ಮೀಟರ್ ಗೇಜ್ ಕಾಲದ ಬೋಗಿ.
ಭಾನುವಾರ ಎಂಟಕ್ಕೆ ನಾವು ಮೂವರು
ಅದರ ಹೊಟ್ಟೆಯಡಿಗೆ ತೂರುತ್ತೇವೆ.

ಗೇಟಿನವನು ಪಾಸು ಓದುತ್ತಾನೆ:
ಸ್ವಯಂಸೇವಕ, ವಿದ್ಯುತ್.
"ಅಂದ್ರೆ ಸಂಬಳ ಇಲ್ಲ?"
ಇಲ್ಲ ಮಾರಾಯ.
"ಶಾಕ್ ಹೊಡೆದ್ರೆ?"
ಅದೂ ಪುಕ್ಕಟೆ.

ನಾನು ಮೂವತ್ತೊಂದು ವರ್ಷ ಕಂಬ ಹತ್ತಿದವನು.
ಈಗಲೂ ಯಾವ ತಂತಿಯನ್ನೂ ಅಂಗೈಯಿಂದ ಮುಟ್ಟೆ,
ಹಿಂಗೈಯಿಂದ ಸವರುತ್ತೇನೆ, ಮಗುವಿನ ಜ್ವರ ನೋಡುವ ಹಾಗೆ.
ಅಂಗೈ ಹಿಡಿದರೆ ಬಿಡುವುದಿಲ್ಲ.
ಕಲಿಸಿದವನು ಹಾಲೇಶಿ,
ಒಂದೇ ಸಲ ಹಿಡಿದು.

ದೊರೈರಾಜು ನಗುತ್ತಾರೆ.
"ಇಪ್ಪತ್ನಾಲ್ಕೇ ವೋಲ್ಟು ಸ್ವಾಮಿ,
ನಾಲಿಗೆಗಿಟ್ಟರೂ ಹುಣಸೆಹುಳಿಯಷ್ಟೇ."
ಇದೇ ಬೋಗಿಗೆ ಹಿಂದೊಮ್ಮೆ ಬೆಲ್ಟು ಏರಿಸಿದ ಕೈ ಅವರದು;
ಈಗ ನಡುಗುತ್ತದೆ, ತಿರುಪಿನ ಗೀರು ಸಿಗದೆ
ಸ್ಕ್ರೂಡ್ರೈವರು ಸುತ್ತಲೂ ಅಲೆಯುತ್ತದೆ.
ಜಬೀನಾ ಮಾತಾಡದೆ
ತಿರುಪಿನ ಪಕ್ಕ ಬೆರಳಿಟ್ಟು ದಾರಿ ತೋರಿಸುತ್ತಾಳೆ.
ಸಾಗರದಲ್ಲಿ ಅವಳಪ್ಪನ ಆಟೋ ಎಲೆಕ್ಟ್ರಿಕಲ್ಸ್;
ಎಂಟನೇ ಕ್ಲಾಸಿಗೇ ಆರ್ಮೇಚರ್ ಸುತ್ತಿದವಳು.

ಈ ಗಾಡಿಯ ದೀಪ ಹೊರಗಿನಿಂದ ಬರುವುದಲ್ಲ.
ಗಾಲಿ ತಿರುಗಬೇಕು, ಗಾಲಿಯಿಂದ ಬೆಲ್ಟು,
ಬೆಲ್ಟಿನಿಂದ ಡೈನಮೋ. ಓಡಿದಷ್ಟೇ ಬೆಳಕು.
ನಿಂತಾಗ ಉಳಿಸಿದ್ದನ್ನು ಉರಿಸಬೇಕು,
ಹನ್ನೆರಡು ಸೆಲ್ಲಿನಲ್ಲಿ
ಸಾಸಿವೆ ಡಬ್ಬಿಯ ಕಾಸಿನ ಹಾಗೆ ಕೂಡಿಟ್ಟಿದ್ದನ್ನು.

ಅಲ್ಲೇ ಗುಡ್ಡದಾಚೆ ಶರಾವತಿ
ಟರ್ಬೈನಿಗೆ ತಲೆಕೊಟ್ಟು ನಾಡಿಗೆಲ್ಲ ಕರೆಂಟು ಕಳಿಸುತ್ತಾಳೆ.
ಒಂದು ವೈರೆಳೆದರಾಯಿತಲ್ಲ, ಎಂದರು ಕಮಿಟಿಯವರು,
ಎಲ್‌ಇಡಿ ಪಟ್ಟಿ ಅಂಟಿಸಿ, ಝಗಮಗ ಅನ್ನಲಿ.
ದೊರೈರಾಜು ಆವತ್ತು ಟೀ ಮುಟ್ಟಲಿಲ್ಲ.

ಮಳೆಗಾಲ ಪೂರ್ತಿ ಬಿಚ್ಚಿದೆವು.
ಇಲಿ ಕಡಿದ ನೂಲು ಹೊದಿಕೆಯ ವೈರು, ತೇಗದ ಕೇಸಿಂಗು,
ಅದರ ಸಂದಿಯಲ್ಲಿ ಮೂರು ಹೇರ್‌ಪಿನ್ನು,
ಆನಂದಪುರದ ದಪ್ಪ ರಟ್ಟಿನ ಟಿಕೆಟು,
ಹಿಂದೆ ಪೆನ್ಸಿಲ್ಲಿನಲ್ಲಿ: ಸೀಮೆಎಣ್ಣೆ ಮರೆಯಬೇಡ.
ಮರೆತರೋ, ತಂದರೋ.

ನಮ್ಮ ಪಾಲಿಗಿರುವುದು ಎರಡೂವರೆ ಕಿಲೋಮೀಟರು ಹಳಿ,
ಇಂಜಿನ್ನಿನ ನಡಿಗೆ ದಿಬ್ಬಣದ ನಡಿಗೆ.
ಡೈನಮೋಗೆ ಎಚ್ಚರವಾಗುವುದು ಇಪ್ಪತ್ತು ದಾಟಿದ ಮೇಲೆ.
ಜಬೀನಾ ಭದ್ರಾವತಿಯ ಲೇತಿನಲ್ಲಿ
ಪುಲ್ಲಿಯನ್ನು ಕಡೆಸಿ ಕಿರಿದು ಮಾಡಿಸಿದಳು.
ಆಮೇಲೊಂದು ಭಾನುವಾರ, ಮೂರನೇ ಸುತ್ತಿಗೆ,
ರಿಲೇ ಟಕ್ ಎಂದಿತು.
ಮುಳ್ಳು ಸೊನ್ನೆಯಿಂದ ಬಲಕ್ಕೆ
ಒಂದು ಅಕ್ಕಿಕಾಳಿನಷ್ಟು ಸರಿಯಿತು.
ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಂದವರೆಲ್ಲ
ಕಿಟಕಿಯಿಂದ ಎಮ್ಮೆಯ ಫೋಟೋ ತೆಗೆಯುತ್ತಿದ್ದರು.

ಮುಂದಿನ ವಾರ ಬಂದು ನೋಡಿದರೆ
ಹನ್ನೆರಡೂ ಸೆಲ್ಲು ಬರಿದು.
ಅರ್ತು ನೋಡಿದೆವು, ಫ್ಯೂಸು ನೋಡಿದೆವು, ಜಾಯಿಂಟು ಜಾಯಿಂಟು ನೋಡಿದೆವು.
ಕೊನೆಗೆ ನೈಟ್ ಲ್ಯಾಂಪಿನ ಸ್ವಿಚ್ಚು,
ಕೆಳಮುಖವಾಗಿತ್ತು.
ದೊರೈರಾಜು ಕನ್ನಡಕ ತೆಗೆದು ಒರೆಸಿದರು,
ಮತ್ತೆ ಒರೆಸಿದರು.
"ಇಷ್ಟು ವರ್ಷ ಕತ್ತಲಲ್ಲಿತ್ತು.
ಹಚ್ಚಿದ ದಿನವೇ ಆರಿಸಿ ಹೋಗೋಕೆ
ಕೈ ಬರಲಿಲ್ಲ."

ಬೀಗ ಹಾಕಿದ ಶೆಡ್ಡು,
ಯಾರೂ ಮಲಗದ ಬರ್ತುಗಳು,
ಆ ನೀಲಿ ಎಷ್ಟು ರಾತ್ರಿ ತಡೆಯಿತೋ.

ಜಬೀನಾ ಬೈಯುತ್ತಾಳೆ ಎಂದುಕೊಂಡೆ.
ಅವಳು ಹೈಡ್ರೋಮೀಟರ್ ತೊಳೆದು
ಮೊದಲ ಸೆಲ್ಲಿನ ಮುಚ್ಚಳ ತಿರುಗಿಸಿದಳು.
ರಿಜಿಸ್ಟರಿನಲ್ಲಿ 'ದೋಷದ ಕಾರಣ' ಅಂತ ಒಂದು ಕಾಲಮ್ಮಿದೆ.
ನಾನೇ ಬರೆದೆ:
ಇಲಿ.